ಎರಡನೇ ಅಂಗುಸ್ತಿಯಾಸ್

ಸೊಸೆ ರೋಸಿಯೊ ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ಬಂದ ದಿನವೇ, ಊಟಕ್ಕೆ ಕೂತಿದ್ದ ಎವಾರಿಸ್ತೋ ಮೇಜು ಕುಟ್ಟಿ ತೀರ್ಪು ಕೊಟ್ಟುಬಿಟ್ಟ.

"ಭಾನುವಾರ ಜ್ಞಾನಸ್ನಾನ. ಪಾದ್ರಿಗಳ ಹತ್ರ ಮಾತಾಡಿದ್ದಾಯ್ತು. ಸೋಮವಾರ ನೋಂದಣಿ ಕಚೇರಿ. ಹೆಸರು ಅಂಗುಸ್ತಿಯಾಸ್."

ಅವನ ಹೆಂಡತಿ ಅಂಗುಸ್ತಿಯಾಸ್ ಒಲೆಯ ಮುಂದೆ ನಿಂತು ಬದನೆಕಾಯಿ ಹೋಳು ಕರಿಯುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ.

"ಆ ಹೆಸರಿನ ಮಗು ಈ ಮನೆಗೆ ಆಗಲೇ ಒಂದಿದೆ. ಗುಡ್ಡದ ಮೇಲೆ, ಸ್ಮಶಾನದಲ್ಲಿ."

"ಅದಕ್ಕೇ ಕಣೇ ಹೇಳ್ತಿರೋದು. ಹೆಸರು ಖಾಲಿ ಬಿದ್ದಿದೆ."

ಖಾಲಿ ಬಿದ್ದಿದೆಯಂತೆ! ಬಾಡಿಗೆ ಕೋಣೆ ನೋಡಿ, ಒಬ್ಬರು ಬಿಟ್ಟು ಹೋದರು, ಇನ್ನೊಬ್ಬರು ಗಂಟುಮೂಟೆ ಹೊತ್ತು ಬರಲಿ. ಅಂಗುಸ್ತಿಯಾಸಳಿಗೆ ಮೈಯೆಲ್ಲ ಉರಿದುಹೋಯಿತು. ಕರಿದ ಹೋಳುಗಳನ್ನು ತಟ್ಟೆಗೆ ಸುರಿದು, ತಟ್ಟೆಯನ್ನು ಗಂಡನ ಮುಂದೆ ಕುಕ್ಕಿದಳು. ಎರಡು ಹೋಳು ಹಾರಿ ಅವನ ತೊಡೆಯ ಮೇಲೆ ಬಿದ್ದವು. ಅವನು ಅವನ್ನೂ ಹೆಕ್ಕಿ ತಿಂದ.

ಮಗನ ಮೊದಲ ಹೆಣ್ಣುಮಗುವಿಗೆ ಮಗನ ತಾಯಿಯ ಹೆಸರು. ಈ ಗ್ರನಾಡಾ ನಗರದಲ್ಲಿ ಇದನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಹೋದ ವರ್ಷ ರೋಸಿಯೊಗೆ ದಿನ ತುಂಬುವ ಮೊದಲೇ ಹುಟ್ಟಿದ ಮಗು ವಾರವೂ ಬದುಕಲಿಲ್ಲ. ಉಸಿರು ಕಟ್ಟುತ್ತಿದ್ದ ಕೂಸಿನ ತಲೆಗೆ ಆಸ್ಪತ್ರೆಯ ಸಿಸ್ಟರ್ ಅವಸರದಲ್ಲಿ ಜ್ಞಾನಸ್ನಾನದ ನೀರು ಹಾಕುತ್ತ "ಹೆಸರೇನು?" ಅಂದಾಗ, ಬಾಗಿಲಲ್ಲಿ ನಿಂತಿದ್ದ ಎವಾರಿಸ್ತೋ "ಅಂಗುಸ್ತಿಯಾಸ್" ಅಂದಿದ್ದ. ಆಗ ಯಾರೂ ಬೇಡವೆನ್ನಲಿಲ್ಲ. ಸತ್ತ ಮಗುವಿನ ಹೆಸರು ಮುಂದೆ ಹುಟ್ಟುವ ಮಗುವಿಗೆ ಹೋಗಬೇಕು ಎನ್ನುವುದೂ ಹಳೆಯ ರೂಢಿಯೇ. ಈಗಿನ ಕಾಲದವರು ಅದನ್ನು ಮರೆಯುತ್ತಿದ್ದರು. ಎವಾರಿಸ್ತೋ ಮರೆಯುವ ಪೈಕಿಯಲ್ಲ. ಸೆಪ್ಟೆಂಬರಿನ ಕೊನೆಯ ಭಾನುವಾರ ನಗರವನ್ನು ಕಾಯುವ ದೇವಮಾತೆಯ ಮೂರ್ತಿ ಬೀದಿಗೆ ಬರುವಾಗ ಹೆಗಲು ಕೊಡುವ ಸಂಘದವನು ಅವನು. ಜ್ಞಾನಸ್ನಾನ ಕಳೆದ ಒಂದೇ ವಾರಕ್ಕೆ ಮೆರವಣಿಗೆ ಇತ್ತು. ಮೊಮ್ಮಗಳಿಗೂ ಮಾತೆಯ ಹೆಸರೇ ಎಂದು ಸಂಘದವರ ಮುಂದೆ ಎದೆಯುಬ್ಬಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಮಾತೆಯ ಹೆಸರು ಅದು, ನಿಜ. ಶಿಲುಬೆಯಿಂದ ಇಳಿಸಿದ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯ ಸಂಕಟ, ಅದೇ ಅಂಗುಸ್ತಿಯಾಸ್. ಹಿಂದೆ ರೋಮಿನವರ ಭಾಷೆಯಲ್ಲಿ ಆ ಮಾತಿಗೆ ಇಕ್ಕಟ್ಟಾದ ಜಾಗ, ಕಿರಿದಾದ ಓಣಿ ಎಂದಷ್ಟೇ ಅರ್ಥವಿತ್ತು ಎಂದು ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಆಮೇಲೆ ಅದು ಎದೆ ಇಕ್ಕಟ್ಟಾಗುವುದಕ್ಕೆ ಬಂತು, ಆಮೇಲೆ ಮಾತೆಗೆ, ಮಾತೆಯಿಂದ ಊರಿನ ಹೆಣ್ಣುಮಕ್ಕಳಿಗೆ. ಆ ಸಿಸ್ಟರ್ ತರಗತಿಯಲ್ಲಿ ಹೆಸರು ಕೂಗಿದರೆ ಅರ್ಧ ಬೆಂಚು ಎದ್ದು ನಿಲ್ಲುತ್ತಿತ್ತು. ಬೇಕರಿಯ ಅಂಗುಸ್ತಿಯಾಸ್, ಕುಂಟಿ ಅಂಗುಸ್ತಿಯಾಸ್, ಕೆಂಚುಗೂದಲ ಅಂಗುಸ್ತಿಯಾಸ್ ಎಂದು ಬಾಲ ಹಚ್ಚಿ ಗುರುತು ಹಿಡಿಯಬೇಕಿತ್ತು. ಈಗ ದೇಶ ಆಳುತ್ತಿದ್ದ ಜನರಲ್ ಸತ್ತು, ಟಿವಿಗೆ ಬಣ್ಣ ಬಂದು, ಹುಟ್ಟುವ ಹುಡುಗಿಯರೆಲ್ಲ ಮೋನಿಕಾ, ವನೇಸಾ. ಸಂಕಟ ಎಂದು ಹೆಸರಿಟ್ಟರೆ ಶಾಲೆಯಲ್ಲಿ ನಗುತ್ತಾರೆ ಎಂದು ತಾಯಂದಿರಿಗೆ ಭಯ.

ಅಂಗುಸ್ತಿಯಾಸ್ ಬೇಡವೆನ್ನುವುದೂ ಅದಕ್ಕೇ ಎಂದು ಮನೆಯವರೆಲ್ಲ ತಿಳಿದರು. ಗಂಡನ ತಂಗಿ ಎಂಕಾರ್ನಾ ಮಾತೆಯ ಹಬ್ಬದ ಸಿಹಿರೊಟ್ಟಿ ಹಿಡಿದುಕೊಂಡು ಬುದ್ಧಿ ಹೇಳಲು ಬಂದಳು.

"ನಿನ್ನ ಹೆಸರೇ ಉಳೀಬಾರ್ದಾ? ಎಂಥಾ ಹೆಂಗಸೇ ನೀನು! ಬೇರೆ ಮನೇಲಿ ಹೆಸರಿಡ್ಲಿಲ್ಲ ಅಂತ ಅಜ್ಜಿಯರು ಮಾತು ಬಿಡ್ತಾರೆ. ಇಲ್ಲಿ ಇಡ್ತೀವಿ ಅಂದ್ರೆ ನಿನ್ನ ರಂಪ."

"ನಿಂಗೇನೇ ಗೊತ್ತು? ನಿಂಗೆ ಇಟ್ಟಿದ್ದು ಹೊಸ ಹೆಸರು. ನಂಗೆ ಇಟ್ಟಿದ್ದು ಹೆಣದ ಮೇಲಿಂದ ಬಿಚ್ಚಿದ್ದು."

"ಅಯ್ಯೋ, ಆ ಕಾಲದಲ್ಲಿ ಎಲ್ರೂ ಹಾಗೇ ಮಾಡ್ತಿದ್ರು ಬಿಡೇ."

ಎಲ್ಲರೂ ಮಾಡುತ್ತಿದ್ದರು. ಯಾವ ಅನ್ಯಾಯಕ್ಕೂ ಇದೊಂದು ಮಾತಿನ ಮುಲಾಮು. ಅಂಗುಸ್ತಿಯಾಸಳಿಗಿಂತ ಮೊದಲು ಹುಟ್ಟಿದ ಅಕ್ಕ ನಡೆಯಲು ಕಲಿಯುವಾಗಲೇ ಜ್ವರದಲ್ಲಿ ಹೋಗಿದ್ದಳು. ಅವಳ ಹೆಸರು, ಅವಳ ಕಿವಿಯ ಓಲೆ, ಅವಳ ತೊಟ್ಟಿಲು ಎಲ್ಲವೂ ಇವಳಿಗೆ ಬಂತು. ಪ್ರತಿ ವರ್ಷ ಸಕಲ ಸಂತರ ಹಬ್ಬಕ್ಕೆ ತಾಯಿ ಇವಳ ಕೈಗೆ ಬಕೆಟ್ಟು, ಚಿಂದಿಬಟ್ಟೆ ಕೊಟ್ಟು ಗುಡ್ಡ ಹತ್ತಿಸುತ್ತಿದ್ದಳು. ಸ್ಮಶಾನದ ಗೋಡೆಯಲ್ಲಿ ಸಾಲುಸಾಲು ಗೂಡು, ಒಂದು ಗೂಡಿಗೆ ಮುಚ್ಚಿದ ಬಿಳಿ ಕಲ್ಲು, ಕಲ್ಲಿನ ಮೇಲೆ ಇವಳದೇ ಹೆಸರು. ಅಪ್ಪನ ಕಡೆಯ ಮನೆತನದ ಹೆಸರೂ ಇವಳದೇ, ಅಮ್ಮನ ಕಡೆಯದೂ ಇವಳದೇ. ಓದಲು ಆಗತಾನೇ ಕಲಿತ ಹುಡುಗಿ ಬೆರಳಿಗೆ ಬಟ್ಟೆ ಸುತ್ತಿ ತನ್ನ ಹೆಸರಿನ ಒಂದೊಂದು ಅಕ್ಷರದ ಕೊಳೆ ತೆಗೆಯಬೇಕು. ಮನೆಯಲ್ಲಿ ಹಾಲು ಚೆಲ್ಲಿದರೆ ತಾಯಿ ಬಯ್ಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. "ಅವಳಾಗಿದ್ರೆ ಹೀಗೆ ಮಾಡ್ತಿರ್ಲಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಬದುಕಿರುವವಳ ಜೊತೆ ಜಗಳ ಆಡಬಹುದು. ಸತ್ತು ದೇವತೆಯಾದವಳ ಜೊತೆ ಎಲ್ಲಿಯ ಪೈಪೋಟಿ? ತಾಯಿ ತೀರಿಕೊಂಡು ವರ್ಷಗಳೇ ಆಗಿದ್ದರೂ ಅಂಗುಸ್ತಿಯಾಸಳಿಗೆ ಅವಳ ಮೇಲಿನ ಸಿಟ್ಟು ಆರಿರಲಿಲ್ಲ.

ಆ ವಾರವೆಲ್ಲ ಮನೆ ರಣರಂಗವಾಯಿತು. ಎವಾರಿಸ್ತೋ ಬಾಯಿ ತೆರೆದರೆ ಇವಳು ಪಾತ್ರೆ ಎತ್ತಿ ಕುಕ್ಕುತ್ತಿದ್ದಳು. ಮಗ ಡಮಿಯಾನ್ ಇಬ್ಬರ ನಡುವೆ ತಲೆ ತಗ್ಗಿಸಿ ಓಡಾಡುತ್ತಿದ್ದ.

"ಹೋಗ್ಲಿ ಬಿಡಮ್ಮ, ಹೆಸರು ತಾನೇ. ಅಪ್ಪನ ಜೊತೆ ಯಾಕೆ ಗುದ್ದಾಟ?"

"ಹೆಸರು ತಾನೇ? ಹಾಗಾದ್ರೆ ದೊಡ್ಡೋಳಾದ್ಮೇಲೆ ನಿನ್ನ ಮಗಳ ಕೈಗೆ ಬಕೆಟ್ಟು ಕೊಟ್ಟು ನೀನೇ ಗುಡ್ಡ ಹತ್ತಿಸು. 'ನೋಡು ಪುಟ್ಟಿ, ಇಲ್ಲಿ ಮಲಗಿರೋಳು ನೀನೇ' ಅಂತ ನೀನೇ ಹೇಳು. ಗಂಡಸಂತೆ ಗಂಡಸು!"

ಡಮಿಯಾನ್ ಕೋಟು ಹಾಕಿಕೊಂಡು ಹೊರಗೆ ಹೋದ. ಅವನಿಗೆ ಗೊತ್ತಿದ್ದ ಉತ್ತರ ಅದೊಂದೇ.

ಶನಿವಾರ ಅಂಗುಸ್ತಿಯಾಸ್ ಬಟ್ಟಲಲ್ಲಿ ಕೋಳಿಸಾರು ಹಿಡಿದುಕೊಂಡು ಸೊಸೆಯ ಕೋಣೆಗೆ ಹೋದಳು. ರೋಸಿಯೊ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಬಂದಾಗಿನಿಂದ ಅವಳು ಈ ಜಗಳದಲ್ಲಿ ಒಂದು ಮಾತೂ ಆಡಿರಲಿಲ್ಲ. ಅದಕ್ಕೂ ಅತ್ತೆಗೆ ಕೋಪವಿತ್ತು.

"ನಿನ್ನ ಮಗು ಕಣೇ ಇದು. ನಿಂಗೇನೂ ಅನ್ಸಲ್ವಾ?"

ರೋಸಿಯೊ ತಲೆ ಎತ್ತಲಿಲ್ಲ. "ಅತ್ತೆ, ನಾನು ದೊಡ್ಡೋಳನ್ನ ದಿನಾ ಕರೀತೀನಿ. ಬಾಯ್ಬಿಟ್ಟಲ್ಲ, ಒಳಗೊಳಗೇ. ಅವಳಿಗೆ ನಾನು ಒಂದು ಅಂಗಿ ತೊಡಿಸ್ಲಿಲ್ಲ, ಹಾಲು ಕೊಡ್ಲಿಲ್ಲ. ಅವಳದ್ದು ಅಂತ ನನ್ನ ಹತ್ರ ಇರೋದು ಆ ಹೆಸರೊಂದೇ. ಅದನ್ನೂ ತೆಗೆದು ಇವಳಿಗೆ ಕೊಟ್ಬಿಟ್ರೆ, ಅವಳನ್ನ ಏನಂತ ಕರೀಲಿ?"

ಅಂಗುಸ್ತಿಯಾಸ್ ಹಾಸಿಗೆಯ ಅಂಚಿನಲ್ಲಿ ಕೂತಳು. ಇಷ್ಟು ವರ್ಷ ಹೆಸರು ಹೊತ್ತವಳ ಕಷ್ಟವೊಂದನ್ನೇ ಅವಳು ಲೆಕ್ಕಕ್ಕೆ ಹಿಡಿದಿದ್ದಳು. ತನ್ನ ತಾಯಿಗೂ ಆಗ ಇಪ್ಪತ್ತರ ಆಸುಪಾಸು. ಅವಳ ಮಾವನೂ ಹೀಗೇ ಮೇಜು ಕುಟ್ಟಿದ್ದನೋ ಏನೋ. ಸತ್ತವಳನ್ನು ಕರೆದರೆ ಬದುಕಿರುವವಳು ಓಡಿಬಂದು ಎದುರು ನಿಲ್ಲುವಾಗ ಆ ಹೆಂಗಸು ಹೇಗೆ ಸಹಿಸಿದಳು? ಒಬ್ಬರಾದರೂ ಅವಳನ್ನು ಕೇಳಿದ್ದರೇ? ತಾಯಿಯ ಮೇಲೆ ಕೂಡಿಟ್ಟಿದ್ದ ಸಿಟ್ಟೆಲ್ಲ ಆ ಕ್ಷಣ ಜಾಗ ಬದಲಿಸಿತು. ಬದಲಿಸಿ ಎಲ್ಲಿಗೆ ಹೋಗಬೇಕೋ ಅಲ್ಲಿಗೇ, ಮೇಜು ಕುಟ್ಟುವವರ ಕಡೆಗೇ ಹೋಯಿತು.

"ಇವಳಿಗೆ ಏನು ಇಡ್ಬೇಕು ಅಂತಿದ್ದೀಯ?"

"ಆಲ್ಬಾ. ಬೆಳಕು ಹರಿಯೋ ಹೊತ್ತಿಗೆ ಹುಟ್ಟಿದ್ಲಲ್ಲ."

"ಹಾಗಾದ್ರೆ ನಾಳೆ ಪಾದ್ರಿ ಕೇಳಿದಾಗ ಬಾಯ್ಬಿಟ್ಟು ಹೇಳು. ಅವರು ಕೇಳೋದು ತಂದೆತಾಯಿನ, ತಾತನ್ನಲ್ಲ."

"ಮಾವನ ಎದುರಿಗೆ ನಂಗೆ ಧ್ವನೀನೇ ಬರಲ್ಲ ಅತ್ತೆ."

"ಬರತ್ತೆ. ಸಾರು ಕುಡಿ, ಆರಿಹೋಗತ್ತೆ."

ಭಾನುವಾರ ಚರ್ಚಿನಲ್ಲಿ ಸಂಘದ ಗಂಡಸರೆಲ್ಲ ಕೊರಳಿಗೆ ಮಾತೆಯ ಪದಕ ತೊಟ್ಟು ಬಂದು ಕೂತಿದ್ದರು. ಎವಾರಿಸ್ತೋ ಎಲ್ಲರನ್ನೂ ಕರೆದಿದ್ದ. ಎಂಕಾರ್ನಾ ಮಗುವನ್ನು ಎತ್ತಿಕೊಂಡು ನೀರಿನ ತೊಟ್ಟಿಯ ಮುಂದೆ ನಿಂತಳು. ಪಾದ್ರಿ ರೋಸಿಯೊ ಮತ್ತು ಡಮಿಯಾನ್ ಕಡೆ ನೋಡಿದರು.

"ಈ ಮಗುವಿಗೆ ಯಾವ ಹೆಸರು ಇಡ್ತೀರಿ?"

ರೋಸಿಯೊಳ ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ. ಡಮಿಯಾನ್ ತನ್ನ ಬೂಟು ನೋಡಿಕೊಂಡ. ಪಾದ್ರಿ ಕಾದರು. ಹಿಂದಿನಿಂದ ಎವಾರಿಸ್ತೋ ಚರ್ಚು ಗುಂಯ್ ಎನ್ನುವ ಹಾಗೆ ಕೂಗಿದ.

"ಅಂಗುಸ್ತಿಯಾಸ್!"

"ಏನು?" ಎಂದು ಅಂಗುಸ್ತಿಯಾಸ್ ಎದ್ದು ನಿಂತಳು. ಹಿಂದಿನ ಬೆಂಚುಗಳಲ್ಲಿ ಇನ್ನಿಬ್ಬರು ಮುದುಕಿಯರೂ ತಲೆ ಎತ್ತಿದರು.

"ನಿನ್ನನ್ನಲ್ಲ ಕಣೇ, ಕೂತ್ಕೋ" ಎಂದ ಎವಾರಿಸ್ತೋ ಹಲ್ಲು ಕಚ್ಚಿ.

"ಮತ್ಯಾರನ್ನ? ನಿನ್ನ ಮನೇಲಿ ಆ ಹೆಸರಿಗೆ ಓ ಅನ್ನೋಳು ಬದುಕಿರೋದು ನಾನೊಬ್ಳೇ. ಇನ್ನೊಬ್ಳು ಮೇಲೆ ಗುಡ್ಡದಲ್ಲಿ ಮಲಗಿದ್ದಾಳೆ. ಹಾಲೂ ಕುಡೀದೆ ಹೋದ ಕೂಸು ಅದು, ಅದರ ಹತ್ರ ಇರೋ ಒಂದೇ ಒಂದು ವಸ್ತುಗೂ ಕೈ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಮಾತೆ ತನ್ನ ಮಗನ್ನ ತೊಡೆ ಮೇಲೆ ಹಾಕ್ಕೊಂಡು ಇನ್ನೂ ಕೂತಿದ್ದಾಳೆ ಕಣೋ, ಅವನ ಜಾಗಕ್ಕೆ ಬೇರೆಯವನನ್ನ ತಂದು ಮಲಗಿಸ್ಲಿಲ್ಲ. ಹೊರೋಕೆ ಹೋಗ್ತೀಯಲ್ಲ ವರ್ಷಾ ವರ್ಷಾ, ಒಂದ್ಸಲ ಆದ್ರೂ ಕಣ್ಬಿಟ್ಟು ನೋಡಿದ್ದೀಯಾ?"

ಎವಾರಿಸ್ತೋನ ಮುಖ ಕೆಂಪಾಯಿತು. ಪಾದ್ರಿ ಕನ್ನಡಕ ಸರಿಪಡಿಸಿಕೊಂಡು ಮೆಲ್ಲಗೆ "ತಾಯಿ ಹೇಳ್ಲಿ" ಅಂದರು.

"ಆಲ್ಬಾ" ಅಂದಳು ರೋಸಿಯೊ. ಈ ಸಲ ಎಲ್ಲರಿಗೂ ಕೇಳಿಸಿತು. "ಇವಳು ನನ್ನ ಎರಡನೇ ಮಗಳು, ಫಾದರ್. ಹೆಸರು ಆಲ್ಬಾ."

ಹೊರಗೆ ಮೆಟ್ಟಿಲ ಮೇಲೆ ಎವಾರಿಸ್ತೋ ಹೆಂಡತಿಗಾಗಿ ಕಾದು ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅದು ಅವಮಾನದ್ದೋ ಬೇರೆಯದೋ, ಅವಳು ವಿಚಾರಿಸಲು ಹೋಗಲಿಲ್ಲ.

"ಖುಷಿ ಆಯ್ತಾ? ಇನ್ಮೇಲೆ ನಿನ್ನ ಹೆಸರು ನಿನ್ನ ಜೊತೆಗೇ ಮಣ್ಣಾಗತ್ತೆ."

"ಆಗ್ಲಿ" ಅಂದಳು ಅಂಗುಸ್ತಿಯಾಸ್. "ಅದು ನಂದು ಅಂತ ಆಗಿದ್ದೇ ಇವತ್ತು. ಯಾರಿಗೂ ಕೊಡಲ್ಲ."