ಹೊಸ್ತಿಲಲ್ಲಿ ಹೇಳಿದ ಒಡಪು

ಉಪಮೆಯೋ ರೂಪಕವೋ ಎಂಬುದರಲ್ಲೇ ಬೆಟಗೇರಿಯ ದೇವವ್ವನ ತಲೆ ಕೆಟ್ಟು ಕೆರ ಹಿಡಿದಿತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳೇನೋ ಹೌದು. ಆದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ನೌಕರಿಗೆ ಸಂದರ್ಶನವೆಂದರೆ ಸುಮ್ಮನೆಯೇ? ಅಲಂಕಾರ ಕೇಳಿಯೇ ಕೇಳುತ್ತಾರೆ ಎಂದು ಓಣಿಯ ಪುಂಡಲೀಕಪ್ಪ ಮಾಸ್ತರರು ಹೆದರಿಸಿ ಇಟ್ಟಿದ್ದರು, ಪುಣ್ಯಾತ್ಮರು.

"ಚಂದ್ರನಂಥ ಮುಖ ಅಂದ್ರ ಉಪಮೆ. ಮುಖ ಉಪಮೇಯ, ಚಂದ್ರ ಉಪಮಾನ. ಅಂಥ ಅನ್ನೋದು ತಗದು ಮುಖಾನ ಚಂದ್ರ ಅಂದಿ, ರೂಪಕ ಆತು. ತಿಳೀತಿಲ್ಲೋ?"

"ತಿಳೀತ್ರಿ" ಎನ್ನುವಳು. ಮನೆಗೆ ಬಂದು ಕೂಲಿಯ ನೂಲನ್ನು ಕಂಡಿಕೆಗೆ ಸುತ್ತಲು ಕೂತರೆ ನೂಲಿನ ಜೊತೆ ಅದೂ ಸಿಕ್ಕಾಗುತ್ತಿತ್ತು.

ಗಂಡ ಅಂದಾನಪ್ಪ ಹಿಂದಿನ ವರ್ಷ ವಿಷಮಜ್ವರದಲ್ಲಿ ಹೋದ ಮೇಲೆ ಅವನು ಕೂತು ನೇಯುತ್ತಿದ್ದ ಮಗ್ಗದ ಗುಂಡಿ ಖಾಲಿ ಬಿದ್ದಿತ್ತು. ನೌಕರಿ ಸಿಕ್ಕರೆ ಅತ್ತೆ ತಿಪ್ಪವ್ವನ ಜೊತೆ ಇಲ್ಲೇ ಇರಬಹುದು. ಸಿಗದಿದ್ದರೆ ಕೊರ್ಲಹಳ್ಳಿಯ ಅಣ್ಣ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ಯುವವನೇ. ಅತ್ತೆಯನ್ನು ಬಿಟ್ಟು ಹೋಗಲು ಅವಳಿಗೆ ಸುತಾರಾಂ ಮನಸ್ಸಿರಲಿಲ್ಲ. ಅತ್ತೆ-ಸೊಸೆ ಹಾವು-ಮುಂಗುಸಿ ಎಂದವರು ಈ ಮನೆ ನೋಡಿರಲಿಕ್ಕಿಲ್ಲ.

ಅಕ್ಟೋಬರಿನ ಕೊನೆಗೆ ಗದಗಿನ ಶಿಕ್ಷಣ ಕಚೇರಿಯಲ್ಲಿ ಸಂದರ್ಶನ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಬರುವ ವಾರವೇ ಒಂದಾಗುತ್ತದೆಂದು ಕಚೇರಿಯಲ್ಲೆಲ್ಲ ಅದೇ ಮಾತು. ದೇವವ್ವನಿಗೆ ಮಾತ್ರ ಕಲಿತದ್ದೆಲ್ಲ ಚದುರಿಹೋಗುವ ದಿಗಿಲು.

ಸಂದರ್ಶನಕ್ಕೆ ಕೂತ ಸಾಹೇಬರು ಕಾಗದದಿಂದ ತಲೆ ಎತ್ತದೆಯೇ ಕೇಳಿದರು: "ಉಪಮೆಗೊಂದು ಉದಾಹರಣೆ ಹೇಳವಾ ತಂಗಿ. ಪುಸ್ತಕದ್ದು ಬ್ಯಾಡ. ನಿನ್ನ ಮನಿಯಾಗಿಂದು."

ಚಂದ್ರ ಓಡಿಹೋದ. ಅವನ ಹಿಂದೆ ಮುಖವೂ ಓಡಿತು. ನಾಲಿಗೆಗೆ ಬಂದದ್ದು ಒಂದೇ: ಮದುವೆಯಾಗಿ ಬಂದ ದಿನ ತಿಪ್ಪವ್ವ ಬಾಗಿಲಿಗೆ ಕೈ ಅಡ್ಡ ಹಿಡಿದು, "ಗಂಡನ ಹೆಸರು ಹೇಳಿ ಒಳಗ ಬಾ" ಎಂದಾಗ ನಾಚಿ ನೀರಾಗಿ ಹೇಳಿದ್ದ, ಗಂಡನ ಹೆಸರು ಹೆಣೆದ ಒಡಪು. ಬರಿಹಣೆಯ ಹೆಂಗಸು ಒಡಪು ಹೇಳುವುದುಂಟೇ? ಆದರೆ ಬಾಯಿ ಅವಳ ಮಾತು ಕೇಳಲಿಲ್ಲ.

"ಕೆಂಪು ಸೀರಿಗಿ ಜರಿಯ ಸೆರಗ,
ಅಂದಾನಪ್ಪನವರು ದೀಪದಂಗ ನನ್ನ ಮನಿಯೊಳಗ."

"ಭೇಷ್! ಇದರಾಗ ಉಪಮಾನ?"

"ದೀಪರಿ."

"ಉಪಮೇಯ?"

"ಇಲ್ಲರಿ."

"ಇಲ್ಲಂದ್ರ? ಉಪಮೇಯ ಇಲ್ಲದ ಉಪಮೆ ಹೆಂಗಾಗತೈತಿ?"

"ಅದ ನನಗೂ ತಿಳಿವಲ್ದರಿ ಸಾಹೇಬ್ರ. ಅವರು ಹೋಗಿ ವರ್ಷಾತು. ದೀಪದಂಗ ಅನ್ನೋದಷ್ಟ ಉಳದೈತ್ರಿ. ಇದಕ್ಕ ಉಪಮೆ ಅಂತಾರೋ, ರೂಪಕ ಅಂತಾರೋ..."

ಸಾಹೇಬರು ಆಗ ತಲೆ ಎತ್ತಿ ಅವಳ ಹಣೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಉಪಮೇಯ ಇಲ್ಲದ ಉಪಮೆಗೂ ಪುಸ್ತಕದಾಗ ಒಂದು ಹೆಸರೈತ್ರಿ. ಇವತ್ತು ಬ್ಯಾಡ ಬಿಡ್ರಿ," ಎಂದರು. "ನವೆಂಬರ್ ಒಂದಕ್ಕ ಸಾಲ್ಯಾಗ ಝೆಂಡಾ ಏರಸ್ತೇವಿ. ಜಲ್ದಿ ಬರ್ರಿ, ಅಕ್ಕೋರ."

ಅಕ್ಕೋರ! ಕಲಿಸುವ ಹೆಂಗಸರನ್ನು ಕರೆಯುವ ಮಾತು ಅದು. ತನಗೇ ಅಂದರೋ, ಹಿಂದೆ ಇನ್ನಾರಾದರೂ ನಿಂತಿದ್ದಾರೋ ಎಂದು ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಬೆಟಗೇರಿ ಮುಟ್ಟುವವರೆಗೂ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಿಪ್ಪವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ನೌಕರಿ ಆತ್ರಿ, ಅತ್ತಿ. ಆದ್ರ ಅಲ್ಲಿ ನಾ ಅವರ ಹೆಸರು ಹೇಳಿದೆ. ಒಡಪು ಹೇಳಿಬಿಟ್ಟೆ. ತಪ್ಪಾತೇನ್ರಿ?"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವವ್ವ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ತಿಪ್ಪವ್ವನ ಕೈ ಬಾಗಿಲಿಗೆ ಅಡ್ಡ ಬಂತು.

"ಅವನ ಹೆಸರು ಹೇಳಿ ಒಳಗ ಬಾ."