ಖದೀಜಮ್ಮನ ಅಡುಗೆಕೋಣೆಗೆ ಬೀಗ

ಬಂಟ್ವಾಳದ ಖದೀಜಮ್ಮನ ಮನೆಗೆ ಹೋದವರು ಹೊಟ್ಟೆ ತುಂಬದೆ ಮರಳಿದ್ದಿಲ್ಲ. ಕರೆಂಟು ಬಿಲ್ಲು ಕೊಡಲು ಬಂದವನಿಗೂ ಅಲ್ಲಿ ತೆಳು ಅಕ್ಕಿರೊಟ್ಟಿ ಪತ್ತಿರ್, ಕೋಳಿಸಾರು. ಅಂಥ ಮನೆಯ ಅಡುಗೆಕೋಣೆಗೆ ಸೊಸೆ ಫಾಹಿಮಾ ಬೀಗ ಜಡಿದಳು. ಯಾವ ಕಳ್ಳನಿಗೂ ಹೆದರಿ ಅಲ್ಲ, ಹತ್ತೊಂಬತ್ತರ ಮಗಳು ರಿಫಾಳಿಗೆ ಹೆದರಿ.

ರಿಫಾಳಿಗೆ ಪ್ರಾಡರ್-ವಿಲ್ಲಿ ಎಂಬ ಅಪರೂಪದ ವಂಶವಾಹಿ ಕಾಯಿಲೆ. ಎಷ್ಟು ತಿಂದರೂ ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟುವುದಿಲ್ಲ. ಈಚೆಗೆ ಕುತ್ತಿಗೆಯ ಚರ್ಮ ಕಿತ್ತು ಹುಣ್ಣು ಮಾಡಿಕೊಳ್ಳುತ್ತಿದ್ದಳು, ಕೇಳಿದ್ದನ್ನೇ ಕೇಳುತ್ತಿದ್ದಳು, ಸಾಕೆಂದರೆ ತಟ್ಟೆ ಒಡೆಯುತ್ತಿದ್ದಳು. ಸಕ್ಕರೆ ಕಾಯಿಲೆಯೂ ಹಿಡಿದಿತ್ತು. ಮೂಡಬಿದಿರೆಯ ಮನೋವೈದ್ಯೆ ಸಿಟ್ಟಿಗೆ ಮಾತ್ರೆ ಬರೆದರು. ಆದರೆ ಹೊತ್ತಿಗೆ ಸರಿಯಾಗಿ ಅಳತೆಯ ಊಟ, ಉಳಿದ ಹೊತ್ತು ಬೀಗ, ಇದೇ ದೊಡ್ಡ ಮದ್ದು, ಹೀಗೇ ತಿಂದರೆ ಹುಡುಗಿ ಉಳಿಯುವುದು ಕಷ್ಟ ಎಂದರು.

ಈ ಮಾತು ಖದೀಜಮ್ಮನ ಗಂಟಲಲ್ಲಿ ಇಳಿಯಲಿಲ್ಲ. ಅನ್ನಕ್ಕೆ ಬೀಗ ಹಾಕುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಎಂದು ಗೊಣಗಿದರು. ಸೌದಿಯ ದಮ್ಮಾಮಿನಲ್ಲಿದ್ದ ಮಗ ಮುನವ್ವರನಿಗೆ ಫೋನು ಮಾಡಿ ದೂರಿದರೆ, ಅವನೂ ಹೆಂಡತಿಯ ಕಡೆಗೇ ಮಾತಾಡಿದ. ಮುದುಕಿ ಒಳಗೊಳಗೇ ಕುದಿದರು.

ಒಂದು ಮಧ್ಯಾಹ್ನ ಫಾಹಿಮಾ ಮಾತ್ರೆ ತರಲು ಬಿ.ಸಿ.ರೋಡಿಗೆ ಹೊರಟವಳು, ಅತ್ತೆಯನ್ನು ನಂಬಿ ಬೀಗದ ಕೈ ಕೊಟ್ಟು ಹೋದಳು. ಅವಳು ಗೇಟು ದಾಟಿದ್ದೇ ತಡ, ಖದೀಜಮ್ಮ ಬಾಗಿಲು ತೆರೆದು ಮೊಮ್ಮಗಳನ್ನು ಕರೆದರು.

ರಿಫಾ ಎರಡು ಪತ್ತಿರ್ ಒಟ್ಟಿಗೇ ಬಾಯಿಗೆ ತುರುಕಿದಳು, ಮೂರನೆಯದನ್ನು ಹಿಡಿದಳು. ಮುದುಕಿಯ ಜೀವ ತಂಪಾಯಿತು. ಆಮೇಲೆ ಮುಖ ನೋಡಿದರು. ತಿನ್ನುವ ಸುಖ ಅಲ್ಲಿ ಚೂರೂ ಇರಲಿಲ್ಲ. ಹುಡುಗಿ ಅಳುತ್ತಿದ್ದಳು. ಇನ್ನೊಂದು ಕೈ ಒಣಗುತ್ತ ಬಂದಿದ್ದ ಹುಣ್ಣನ್ನು ಕೆರೆಯುತ್ತಿತ್ತು.

"ಬೀಗ ಹಾಕಿ ಉಮ್ಮಮ್ಮ," ಎಂದಳು ತುಂಬಿದ ಬಾಯಲ್ಲೇ. "ತೆರೆದಿದ್ರೆ ತಲೆಯಲ್ಲಿ ಅದೇ ತಿರುಗ್ತದೆ. ಹಾಕಿದ್ರೆ ನಾನು ಸುಮ್ಮನೆ ಟಿವಿ ನೋಡ್ತೇನೆ."

ಬಾಯಿ ಹಾಗೆಂದರೂ ಮುಷ್ಟಿ ಪತ್ತಿರನ್ನು ಬಿಡಲಿಲ್ಲ. ಖದೀಜಮ್ಮ ಒಂದೊಂದೇ ಬೆರಳು ಬಿಡಿಸಿ ಕಿತ್ತುಕೊಳ್ಳಬೇಕಾಯಿತು. ಯಾರ ಕೈಯಿಂದಲೂ ತುತ್ತು ಕಿತ್ತವರಲ್ಲ ಅವರು. ಹುಡುಗಿಯನ್ನು ಹೊರಗೆ ಕರೆತಂದು ಬೀಗ ಹಾಕಿದರು.

ಫಾಹಿಮಾ ಬಂದಾಗ ನಡೆದದ್ದನ್ನೆಲ್ಲ ಹೇಳಿ ಬೀಗದ ಕೈ ಕೊಟ್ಟರು.

"ಇದನ್ನು ಇನ್ನು ನನಗೆ ಕೊಡಬೇಡ ಮಗಳೇ," ಎಂದರು. "ಅವಳು ಕೇಳಿದ್ರೆ ನಾನು ಮತ್ತೆ ತೆರೀತೇನೆ."