ಹಡಗಿನ ಮುಂದಿನ ಸೀಟು

ಚಿಕ್ಕಮ್ಮನ ಮುಷ್ಟಿಯಲ್ಲೊಂದು ನಿಂಬೆಹಣ್ಣು. ಬಾಲ್ಯದ ಬಸ್ ಪ್ರಯಾಣ ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ನಿಲ್ದಾಣ ಬಿಡುವ ಮುಂಚೆಯೇ ಸಾವಂತ್ರಮ್ಮ ಚಿಕ್ಕಮ್ಮ ಅದನ್ನು ಮೂಗಿಗೆ ಹಿಡಿಯುತ್ತಿದ್ದಳು, ಮೊದಲ ತಿರುವಿಗೇ ಕಿಟಕಿಯಾಚೆ ತಲೆ ಹಾಕುತ್ತಿದ್ದಳು. ಬಸ್ಸು ಓಡಿಸುತ್ತಿದ್ದವನು ಅವಳ ಗಂಡ, ನಮ್ಮ ಹೊನ್ನಯ್ಯ ಚಿಕ್ಕಪ್ಪ.

"ಡ್ರೈವರ್ ಹೆಂಡ್ತಿಗೇ ಬಸ್ಸು ಆಗಲ್ಲ ಅಂದ್ರೆ ಏನ್ರಪ್ಪಾ ಹೇಳೋದು!" ಎಂದು ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತಿದ್ದ. ಬಸ್ಸಿನವರೆಲ್ಲ ನಗುತ್ತಿದ್ದರು. ಕೊನೆಗೆ ಅವಳು ಬಸ್ಸು ಹತ್ತುವುದನ್ನೇ ಬಿಟ್ಟಳು. ತವರಿನ ಎಷ್ಟೋ ಮದುವೆಗಳು ಅವಳಿಲ್ಲದೆ ಆಗಿಹೋದವು.

ಚಿಕ್ಕಪ್ಪ ನಿವೃತ್ತನಾದ ಮೇಲೆ ಅವನಿಗಿದ್ದದ್ದು ಒಂದೇ ಆಸೆ. ದೊಡ್ಡ ಹಡಗನ್ನು ಹೇಗೆ ಓಡಿಸುತ್ತಾರೆ, ಅದರ ಸ್ಟೇರಿಂಗ್ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕು. ಅವನನ್ನು ಕರೆದೊಯ್ಯಲೆಂದು ನಾನು ವಿಹಾರದ ಹಡಗೊಂದರ ಟಿಕೆಟ್ ಮಾಡಿಸಲು ಹೊರಟೆ. ಚಿಕ್ಕಮ್ಮ ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಅವಳು, "ನಾನೂ ಬರ್ತೀನಿ ಕಣೇ. ನಾಲ್ಕೂ ಕಡೆ ಬರೀ ನೀರೇ ಇದ್ರೆ ಹೆಂಗಿರುತ್ತೆ ಅಂತ ನೋಡ್ಬೇಕು" ಎಂದಳು.

ಟಿಕೆಟ್ ಕೊಡುವವನು ಕೆಳಗಿನ ಅಂತಸ್ತಿನ ನಡುಮಧ್ಯದ ಕೋಣೆ ತೋರಿಸಿ, ಅಲ್ಲಿ ಅಲುಗಾಟ ಕಡಿಮೆ ಎಂದ. ಚಿಕ್ಕಪ್ಪ ಒಪ್ಪಿದರೆ ತಾನೆ?

"ಕುಲುಕೋದು ಹಿಂದಿನ ಸೀಟು ಕಣಯ್ಯಾ. ಮುಂದೆ ಕೂತೋನಿಗೆ ಏನೂ ಆಗಲ್ಲ. ಜೀವಮಾನವೆಲ್ಲ ಮುಂದೇನೇ ಕೂತಿದ್ದೀನಿ, ನನಗೆ ಹೇಳ್ತೀಯಾ?"

ಹಾಗೆ ಅವರಿಗೆ ಮೇಲಿನ ಅಂತಸ್ತಿನಲ್ಲಿ, ಹಡಗಿನ ಮೂತಿಯಲ್ಲೇ ಕೋಣೆಯಾಯಿತು. ಹೊರಡುವ ಮುನ್ನ ಚಿಕ್ಕಮ್ಮ ಡಾಕ್ಟರ ಬಳಿ ಹೋಗಿ ಇಬ್ಬರಿಗೂ ವಾಂತಿ ತಡೆಯುವ ಮಾತ್ರೆ ತಂದಿದ್ದಳು. ಚಿಕ್ಕಪ್ಪ ತನ್ನ ಪಾಲಿನದನ್ನು ಮುಟ್ಟಲೂ ಇಲ್ಲ.

ಎರಡನೆಯ ದಿನ ಕಡಲು ಕೆರಳಿತು. ತಿಂಡಿಗೆ ಚಿಕ್ಕಮ್ಮ ಒಬ್ಬಳೇ ಬಂದಳು.

"ನನಗೆ ಒಂದೇ ಸಮ ವಾಂತಿ ಕಣೇ. ನಿಮ್ ಚಿಕ್ಕಪ್ಪ ಪಾಪ, ರಾತ್ರಿಯೆಲ್ಲ ನನ್ನ ನೋಡ್ಕೊಂಡು ಈಗ ಮಲಗವ್ರೆ" ಎಂದವಳು ತಟ್ಟೆಗೆ ಪೂರಿ ಹಾಕಿಸಿಕೊಂಡಳು. ಇನ್ನೆರಡು ಹಾಕಿಸಿಕೊಂಡಳು. ಆಮೇಲೆ ಉಪ್ಪು ಬಿಸ್ಕತ್ತು, ಸೇಬು, ಶುಂಠಿಯ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಒಂದೇ ಸಮ ವಾಂತಿಯಾಗುವವರು ಪೂರಿ ತಿನ್ನುತ್ತಾರೆಯೇ? ನನಗೆ ಅನುಮಾನ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ಕೈಸನ್ನೆಯಲ್ಲೇ ಹಡಗಿನವರಿಗೆ ತಿಳಿಸಿ, ಕೆಳಗಿನ ಅಂತಸ್ತಿನ ನಡುವಿಗೆ ಕೋಣೆ ಬದಲಾಯಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಹಡಗು ನಡೆಸುವ ಕೋಣೆ ನೋಡಲು ನಮಗೆ ಅನುಮತಿ ಸಿಕ್ಕಿತ್ತು. ತಪ್ಪಿದರೆ ಇನ್ನೊಮ್ಮೆ ಇಲ್ಲ ಎಂದಿದ್ದರು. ಕರೆಯಲು ಹೋದೆ. ಬಾಗಿಲು ಅರೆ ತೆರೆದಿತ್ತು. ಮಂಚದ ಅಂಚಿನಲ್ಲಿ ಚಿಕ್ಕಪ್ಪ ಬಕೆಟ್ಟಿಗೆ ಬಗ್ಗಿ ಕುಳಿತಿದ್ದ. ಚಿಕ್ಕಮ್ಮ ಅವನ ಬೆನ್ನು ಸವರುತ್ತ ನಿಂಬೆಹಣ್ಣನ್ನು ಅವನ ಮೂಗಿಗೆ ಹಿಡಿದಿದ್ದಳು.

"ಸಾವಂತ್ರಿ, ಮಗೀಗೆ ಹೇಳ್ಬೇಡ ಕಣೇ. ಮಾನ ಹೋಗುತ್ತೆ."

"ನನಗೇ ಆಗಿರೋದು ಅಂತ ಹೇಳಿದ್ದೀನಿ, ಸುಮ್ನಿರಿ. ಸ್ಟೇರಿಂಗ್ ಹಿಡಿದೋರಿಗೆ ತಿರುವು ಮೊದ್ಲೇ ಗೊತ್ತಿರುತ್ತೆ, ಮೈ ತಾನೇ ವಾಲುತ್ತೆ. ಹಿಂದೆ ಕೂತೋರಿಗೆ ಎಲ್ಲಿ ಗೊತ್ತಾಗ್ಬೇಕು? ಈಗ ನೀವೂ ಹಿಂದೆ ಕೂತಿದ್ದೀರಿ, ಅಷ್ಟೇ."

ನಾಲ್ಕು ಹೆಜ್ಜೆ ಹಿಂದೆ ಸರಿದು, ಆಗ ತಾನೇ ಬಂದವಳಂತೆ ಕೆಮ್ಮಿದೆ.

"ನನಗೆ ಸ್ವಲ್ಪ ಗಾಳಿ ಬೇಕು" ಎನ್ನುತ್ತ ಚಿಕ್ಕಮ್ಮ ಅವನ ತೋಳು ಹಿಡಿದು ಹೊರಬಂದಳು. ಮೇಲಿನ ತೆರೆದ ಅಂತಸ್ತಿನಲ್ಲಿ, ನಡುವಿನ ಬೆಂಚಿನ ಮೇಲೆ ಅವನನ್ನು ಕೂರಿಸಿ ಪಿಸುದನಿಯಲ್ಲಿ ಹೇಳಿದಳು. "ಅಲೆ ನೋಡ್ಬೇಡಿ. ದೂರದಲ್ಲಿ ನೀರೂ ಆಕಾಶಾನೂ ಸೇರೋ ಗೆರೆ ಐತಲ್ಲ, ಅದನ್ನೇ ನೋಡಿ. ಬಿಸ್ಕತ್ತು ಚೂರುಚೂರೇ ತಿನ್ನಿ." ತಾನು ಮಾತ್ರ ತಲೆಯೆತ್ತಲಿಲ್ಲ. ಕಾಣಬೇಕೆಂದು ಬಂದ ಕಡಲಿಗೇ ಬೆನ್ನು ಹಾಕಿ, ಗಂಡನ ಮುಖವನ್ನೇ ನೋಡುತ್ತ ನಿಂತಳು. ಮೆಲ್ಲಗೆ ಆ ಮುಖಕ್ಕೆ ಬಣ್ಣ ಬಂತು.

ಹಡಗು ನಡೆಸುವ ಕೋಣೆಯಲ್ಲಿ ಚಿಕ್ಕಪ್ಪ ಬೆರಗಾಗಿ ನಿಂತುಬಿಟ್ಟ. ಅಷ್ಟು ದೊಡ್ಡ ಹಡಗಿಗೆ ಊಟದ ತಟ್ಟೆಯಷ್ಟು ಸ್ಟೇರಿಂಗ್! "ಅಯ್ಯೋ ಶಿವನೇ, ಇದರಲ್ಲೇ ತಿರುಗುತ್ತಾ?" ಎಂದು ಮಗುವಿನಂತೆ ಕೇಳಿದ. ಅಲ್ಲಿನ ಅಧಿಕಾರಿ ನಗುತ್ತ, ಕೋಣೆ ಬದಲಾಯಿಸಿದ್ದು ನೀವೇ ಅಲ್ಲವೇ, ಅಮ್ಮನವರಿಗೆ ಈಗ ಹೇಗಿದೆ ಎಂದು ವಿಚಾರಿಸಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮ ವಾಸಿ ಎನ್ನಲು ಬಾಯಿ ತೆರೆದಳು.

"ಅವಳಿಗಲ್ಲ" ಎಂದ ಚಿಕ್ಕಪ್ಪ. "ಆಗಿದ್ದು ನನಗೆ. ಹೇಳಮ್ಮ ಅವರಿಗೆ. ಮುಂದಿನ ಸೀಟೇ ಬೇಕು ಅಂದೋನೂ ನಾನೇ. ಇವಳೇ ನನ್ನ ಎಬ್ಬಿಸಿ ಇಲ್ಲೀ ತನಕ ಕರ್ಕೊಂಡು ಬಂದ್ಲು ಅಂತಾನೂ ಹೇಳು."

ಹೇಳಿದೆ. ಒಂದಕ್ಷರವೂ ಬಿಡಲಿಲ್ಲ.

ಚಿಕ್ಕಮ್ಮನ ಕಣ್ಣು ತುಂಬಿಬಂದವು. "ಹೋಗ್ರಿ ಅತ್ಲಾಗೆ" ಎಂದು ಗಾಜಿನ ಕಡೆ ತಿರುಗಿದಳು. ಅಲ್ಲಿ ನೆಲವೆಂಬುದೇ ಇರಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ನೋಡುತ್ತಲೇ ಇದ್ದಳು. ಅವಳ ಎರಡೂ ಕೈ ಖಾಲಿಯಾಗಿದ್ದವು. ನಿಂಬೆಹಣ್ಣು ಚಿಕ್ಕಪ್ಪನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡಿತ್ತು.